ಬೆನ್ನ ಹಿಂದೆ ನಿಂತು

ಕುತ್ತಿಗೆ ನೋಡುವುದು ಕಣ್ಣಿಂದಲ್ಲ.
ಬೆನ್ನ ಹಿಂದೆ ನಿಂತು
ಎರಡೂ ಕೈಯ ಬೆರಳ ಮೆತ್ತೆಯಿಂದ
(ಉಗುರು ತಾಗಬಾರದು, ಅವಸರ ಗೊತ್ತಾಗಬಾರದು)
ಗದ್ದದ ಕೆಳಗಿಂದ ಹೊರಟು
ಕಿವಿಯ ಮುಂದೆ, ಕಿವಿಯ ಹಿಂದೆ, ಹಿಂದಲೆ,
ಆಮೇಲೆ ಕೊರಳ ಬದಿ ಹಿಡಿದು ಇಳಿಯಬೇಕು,
ಕಟ್ಟಕಡೆಗೆ ಕೊರಳೆಲುಬಿನ ಮೇಲಿನ ಹಳ್ಳ.
ಹಾಗೆ ನಿಂತಾಗ ಅವರ ಮುಖ ನನಗೆ ಕಾಣದು,
ನನ್ನದು ಅವರಿಗೆ.
ಇಬ್ಬರಿಗೂ ಕಾಣುವುದು ಕಿಟಕಿ,
ಕಿಟಕಿಯಾಚೆ ಬೈತಖೋಲದ ಕಡೆ ತಿರುಗುವ ಬೋಟು.

ಸೋಮವಾರ. ಚೀಟಿ ನಂಬರು ನಲವತ್ತೊಂದು.
ಪ್ರಣಾಲಿ, ಒಂಬತ್ತು ವರ್ಷ.
ಕರೆತಂದವ ಸೋದರಮಾವ, ಪುರ್ಸು ಹರಿಕಂತ್ರ,
ಬೇಡವೆಂದರೂ ಚಪ್ಪಲಿ ಹೊರಗೆ ಬಿಟ್ಟು ಬಂದವ.
"ಕುತ್ತಿಗೆ ತುಂಬ ಗಂಟು, ಡಾಕ್ಟರ್ ಬಾಯಿ.
ಇವ್ಳ ಆಯಿ ಮೂರು ರಾತ್ರಿ ನಿದ್ದೆ ಮಾಡ್ಲಿಲ್ಲ.
ಪೇಟೆಯಲ್ಲಿ ಯಾರೋ ದೊಡ್ಡ ರೋಗದ ಹೆಸರು ಹೇಳಿಬಿಟ್ರು."

ಎಷ್ಟು ದಿನವಾಯ್ತು? ಜ್ವರ?
ರಾತ್ರಿ ಬೆವತು ಅಂಗಿ ಒದ್ದೆಯಾಗುತ್ತದೆಯೆ?
ಹಲ್ಲುನೋವು? ಬೆಕ್ಕು ಪರಚಿದ್ದು?
ಮನೆಯಲ್ಲಿ ಯಾರಿಗಾದರೂ ತಿಂಗಳುಗಟ್ಟಲೆ ಕೆಮ್ಮು?
ಬೆಕ್ಕು ಮೂರಿವೆಯಂತೆ. ಪರಚಿದ್ದು ತಮ್ಮನಿಗೆ.

ಕಿವಿಯ ಹಿಂದೆ ಸಿಕ್ಕವು.
ಹುರುಳಿಯಷ್ಟು, ಒಂದೆರಡು ಹುಣಸೆಬೀಜದಷ್ಟು,
ಮೆತ್ತಗೆ, ಬೆರಳಡಿ ಜಾರಿ ಓಡುವಂಥವು,
ಒತ್ತಿದರೆ ಹುಡುಗಿ "ಆ" ಅನ್ನುವಂಥವು.
ನೋಯುವ ಗಂಟು ಎಷ್ಟೋ ಸಲ ಒಳ್ಳೆಯ ಗಂಟು.
ಅದೊಂದು ಠಾಣೆ. ತನ್ನ ಹದ್ದಿನಲ್ಲಿ ಗಲಾಟೆಯಾದರೆ
ನಡುರಾತ್ರಿ ದೀಪ ಹಚ್ಚಿ
ಗೋಡೆ ಉಬ್ಬುವಷ್ಟು ಜನ ಸೇರಿಸುತ್ತದೆ.
ಠಾಣೆಯ ಮೇಲೆ ಸಿಟ್ಟಾಗಬಾರದು,
ಗಲಾಟೆ ಎಲ್ಲಿ ಎಂದು ಕೇಳಬೇಕು.

ಜಡೆ ಬಿಚ್ಚಿದೆ.
ಹೇನು. ಕೂದಲೆಳೆಗೊಂದೊಂದು ಸೀರು,
ಕೆರೆದು ಕೆರೆದು ಹಿಂದಲೆಯಲ್ಲಿ ಹಕ್ಕಳೆ, ಕೀವು.
"ಇದೇ ನೋಡಿ ನಿಮ್ಮ ದೊಡ್ಡ ರೋಗ" ಅಂದೆ.
ಪುರ್ಸು ನಕ್ಕ ನಗುವಿಗೆ
ಹೊರಗಿನ ಸಾಲು ಒಳಗೆ ಇಣುಕಿತು.
ಹುಡುಗಿಗೆ ಅವಮಾನ. ಹೆಬ್ಬೆರಳಿಂದ ನೆಲ ಗೀರಿದಳು.

ಔಷಧಿ ಬರೆಯುತ್ತಿದ್ದೆ. ಅವ ಹೆಗಲ ಟವೆಲು ತೆಗೆದ.
"ಹೆಂಗೂ ಕೂತಿದ್ದೇನೆ, ನಂದೂ ಒಂದು ನೋಡಿಬಿಡಿ.
ನೋವಿಲ್ಲ ಏನಿಲ್ಲ.
ಬಲೆ ಹೊತ್ತು ಹೊತ್ತು ಆದದ್ದಿರಬೇಕು."

ಬೆನ್ನ ಹಿಂದೆ ನಿಂತೆ.
ಬಲಗಡೆ ಏನಿಲ್ಲ.
ಎಡಗಡೆ, ಕೊರಳೆಲುಬಿನ ಮೇಲಿನ ಹಳ್ಳದಲ್ಲಿ
ಒಂದೇ ಒಂದು.
ಸಿಪ್ಪೆ ಸಮೇತದ ಗೇರುಬೀಜ.
ಅಲುಗಿಸಿದೆ, ಅಲುಗಲಿಲ್ಲ.
ಒತ್ತಿದೆ, ಅವನಿಗೆ ಗೊತ್ತಾಗಲಿಲ್ಲ.
ನೀಲಿಕಲ್ಲು ಬಂಡೆಗೆ ಕಚ್ಚಿ ಹೀಗೇ ಕೂತಿರುತ್ತದೆ,
ಉಳಿ ಇಲ್ಲದೆ ಏಳುವುದಿಲ್ಲ.

ಈ ಹಳ್ಳದ ಸುದ್ದಿ ಕೊರಳಿನದ್ದಲ್ಲ.
ಹೊಟ್ಟೆಯ ತಳದಿಂದ ಎದೆಯ ಹಿಂದೆ ಹಾದು
ಮೇಲೇರಿ ಬಂದ ದುಗ್ಧನಾಳ
ರಕ್ತಕ್ಕೆ ಸೇರುವ ಅಳಿವೆ ಇದು.
ಘಟ್ಟದಲ್ಲೆಲ್ಲೋ ಬಿದ್ದ ಮರ
ಕಾಳಿಯಲ್ಲಿ ತೇಲಿ ಬಂದು
ಕೋಡಿಬಾಗದ ಮರಳಿಗೆ ಸಿಕ್ಕಿಕೊಂಡಂತೆ.
ನೋಡಿದವರು ಮರ ಅನ್ನುತ್ತಾರೆ.
ಎಲ್ಲಿಯ ಮರ?

"ಊಟ ಹೇಗೆ ಪುರ್ಸು?" ಕಿಟಕಿಯನ್ನು ಕೇಳಿದೆ.
"ಎರಡು ತುತ್ತಿಗೇ ಸಾಕನಿಸ್ತದೆ ಈಗೀಗ.
ಬಂಗಡೆ ಸಾರಿನ ವಾಸನೆಯೇ ಆಗೂದಿಲ್ಲ."
"ತೂಕ?"
"ನಮ್ಮನ್ನ ಯಾರು ತೂಗ್ತಾರೆ ಬಾಯಿ, ತಕ್ಕಡಿ ಇರೂದು ಮೀನಿಗೆ.
ಚಡ್ಡಿ ಸಡಿಲಾಯ್ತು ಅಂತ ಹುರಿ ಕಟ್ಟಿದ್ದೇನೆ."

ಬೆರಳು ಅಲ್ಲೇ ಇತ್ತು.
ಅದೂ ಒಂದು ಚಿಕಿತ್ಸೆ ಅಂದುಕೊಂಡನೋ ಏನೋ,
ತಲೆಯನ್ನು ನನ್ನ ಕೈಗೆ ವಾಲಿಸಿದ.
ಬೋಟು ಕಿಟಕಿ ದಾಟಿ ಹೋಗುವವರೆಗೆ ನಿಂತೆ.

ಎರಡು ಚೀಟಿ ಬರೆದೆ.
ಒಂದರಲ್ಲಿ ಹೇನಿನ ಔಷಧಿ, ಮನೆಮಂದಿಗೆಲ್ಲ.
ಇನ್ನೊಂದರಲ್ಲಿ ಸೂಜಿ ಹಾಕಿ ತೆಗೆಯುವ ಪರೀಕ್ಷೆ,
ಹೊಟ್ಟೆಗೆ ದುರ್ಬೀನು, ನಾಳೆಯೇ, ಬರಿಹೊಟ್ಟೆಯಲ್ಲಿ.
ಅವ ಎರಡನ್ನೂ ಒಟ್ಟಿಗೆ ಮಡಚಿ ಕಿಸೆಗಿಳಿಸಿದ.

ಪ್ರಣಾಲಿ ಕೇಳಿದಳು, "ಮಾವನಿಗೂ ಹೇನೇ?"

ಪುರ್ಸು ನನ್ನ ಮುಖ ನೋಡಿದ,
ಒಳಗೆ ಬಂದಮೇಲೆ ಮೊದಲ ಸಲ,
ಸರಿಯಾಗಿ, ಮೋಡ ನೋಡುವ ಹಾಗೆ.
ಆಮೇಲೆ ಅವಳ ಜಡೆ ಹಿಡಿದು
"ಹೂಂ, ಹೇನೇ" ಅಂದ.